ಕಾಣುವ ಕೋವಿ, ಕಾಣದ ಕೋವಿ: ಆಯುಧಧಾರಣೆ ಮತ್ತು ಲೋಕವಿಶ್ವಾಸ – ಹಲಗಲಿ ಹಾಗೂ ಕೊಡಗಿನ ನಿದರ್ಶನಗಳು

ಆಯುಧದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಯುದ್ಧದ ಇತಿಹಾಸವನ್ನೇ ಬರೆದಿದ್ದಾರೆ. ಕೋಟೆ, ಫಿರಂಗಿ, ಸೇನೆಯ ಬಲಾಬಲ ಇವು ಅವರ ಗಮನವನ್ನು ಸೆಳೆದಷ್ಟು, ಸಂತೆಗೆ ಹೋಗುವವನ ಹೆಗಲ ಮೇಲಿದ್ದ ಕೋವಿಯಾಗಲಿ ಸೊಂಟದಲ್ಲಿ ಸಿಕ್ಕಿಸಿಕೊಂಡ ಕತ್ತಿಯಾಗಲಿ ಸೆಳೆದಿಲ್ಲ. ಆದರೆ ಒಂದು ಸಮಾಜವು ತನ್ನ ನಡುವೆ ಓಡಾಡುವ ಆಯುಧಧಾರಿಯನ್ನು ಕಂಡು ನಿಶ್ಚಿಂತೆಯಿಂದಿರುತ್ತದೆಯೋ ಅಳುಕುತ್ತದೆಯೋ ಎಂಬ ಪ್ರಶ್ನೆ ಆ ಸಮಾಜದ ಅಧಿಕಾರ ಸಂಬಂಧಗಳನ್ನು ತಿಳಿಯಲು ರಣರಂಗದ ವರ್ಣನೆಗಿಂತ ಹೆಚ್ಚು ನೆರವಾಗಬಲ್ಲದು. ಆಯುಧವನ್ನು ಎಲ್ಲರಿಗೂ ಕಾಣುವಂತೆ ಧರಿಸುವುದು ಗೌರವವೆನಿಸಿದ ಕಾಲವಿತ್ತು. ಅದನ್ನು ಮುಚ್ಚಿಕೊಂಡು ಒಯ್ಯುವುದೇ ಸಭ್ಯತೆಯೆನಿಸಿದ ಕಾಲವೂ ಬಂದಿತು. ಕರ್ನಾಟಕದ ಮಟ್ಟಿಗೆ ಈ ಪಲ್ಲಟದ ಮೂಲವನ್ನು 1857ರಿಂದ 1861ರವರೆಗಿನ ನಾಲ್ಕೇ ವರ್ಷಗಳಲ್ಲಿ, ಎರಡು ಸ್ಥಳಗಳಲ್ಲಿ ಗುರುತಿಸಲು ಸಾಧ್ಯವಿದೆ. ಒಂದು ಮುಧೋಳ ಸಂಸ್ಥಾನದ ಹಲಗಲಿ, ಇನ್ನೊಂದು ಕೊಡಗು.

ಬ್ರಿಟಿಷರ ಆಳ್ವಿಕೆಗೆ ಮೊದಲು ಕನ್ನಡ ನಾಡಿನಲ್ಲಿ ಆಯುಧವು ಹೆಚ್ಚಾಗಿ ಭೂಮಿಯೊಡನೆ ಬೆಸೆದುಕೊಂಡಿತ್ತು. ಕಾವಲಿನ ಇಲ್ಲವೆ ದಂಡಿನ ಸೇವೆಗೆ ಪ್ರತಿಯಾಗಿ ಹೊಲವನ್ನು ಉಂಬಳಿಯಾಗಿ ಪಡೆದವನು ಆಯುಧವನ್ನು ಹಿಡಿದೇ ತಿರುಗಬೇಕಾಗಿತ್ತು. ಅದು ಅವನ ಹಕ್ಕಾಗಿದ್ದಂತೆ ಹೊಣೆಯೂ ಆಗಿತ್ತು. ಕಿತ್ತೂರು ಸೀಮೆಯ ಶೇತಸನದಿಗಳು, ಮೈಸೂರಿನ ಕಂದಾಚಾರದವರು, ಊರೂರಿನ ತಳವಾರರು, ಓಲೆಕಾರರು ಈ ವರ್ಗಕ್ಕೆ ಸೇರಿದವರು. ಇಂಥವನ ಕೈಯಲ್ಲಿದ್ದ ಕತ್ತಿ ಅಥವಾ ಕೋವಿಯನ್ನು ಕಂಡು ಊರವರು ಬೆದರುತ್ತಿರಲಿಲ್ಲ. ಅವನು ಯಾರ ಮಗ, ಯಾವ ಹೊಲ ಉಣ್ಣುತ್ತಾನೆ, ಯಾರ ಕರೆಗೆ ಓಗೊಡುತ್ತಾನೆ ಎಂಬುದೆಲ್ಲ ಅವರಿಗೆ ತಿಳಿದಿತ್ತು. ಬರಿಗೈಯ ತಳವಾರನಿಗೆ ಬೆಲೆಯಿರಲಿಲ್ಲ. ಆಯುಧವನ್ನು ಮುಚ್ಚಿಟ್ಟುಕೊಂಡು ಊರು ಹೊಗುವ ಅಪರಿಚಿತನಾದರೋ ಕಳ್ಳನೋ ಬೇಹಿನವನೋ ಆಗಿರಬೇಕೆಂಬ ಶಂಕೆ ಸಹಜವಾಗಿತ್ತು. ಸಂಗೊಳ್ಳಿ ರಾಯಣ್ಣನ ಬಂಡಾಯವನ್ನೂ (1829–31) ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಶೇತಸನದಿಯ ಹೊಲದ ಮೇಲೆ ಕೈಯಿಡುವುದೆಂದರೆ ಅವನ ಆಯುಧದ ಮಾನ್ಯತೆಯ ಮೇಲೆ ಕೈಯಿಟ್ಟಂತೆಯೇ.

ಈ ಏರ್ಪಾಟನ್ನು ಸುಂದರವಾದ ಸಾಮರಸ್ಯವೆಂದು ಚಿತ್ರಿಸಬೇಕಾಗಿಲ್ಲ. ಕಾವಲುಗಾರನೇ ಕೊಳ್ಳೆಗಾರನಾದ ಪ್ರಸಂಗಗಳು ಇದ್ದೇ ಇದ್ದವು. ಆದರೆ ಅಂದಿನ ಜನರ ನಿಶ್ಚಿಂತೆಯು ಆಯುಧ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿರಲಿಲ್ಲ, ಆಯುಧಧಾರಿಯ ಪರಿಚಯದ ಮೇಲೆ ನಿಂತಿತ್ತು ಎಂಬುದು ಗಮನಿಸಬೇಕಾದ ಅಂಶ.

1857ರ ದಂಗೆಯಿಂದ ತತ್ತರಿಸಿದ ಕಂಪನಿ ಸರ್ಕಾರವು ಆ ವರ್ಷದ 28ನೆಯ ಕಾಯಿದೆಯ ಮೂಲಕ ಈ ಪರಿಚಯದ ಜಾಗದಲ್ಲಿ ಪರವಾನಗಿಯನ್ನು ತಂದು ಕೂಡಿಸಿತು. ಜನರ ಬಾಯಲ್ಲಿ ಇದು ನಿಶ್ಶಸ್ತ್ರೀಕರಣ ಕಾಯಿದೆಯೆಂದೇ ಪ್ರಸಿದ್ಧವಾಯಿತು. ಆಯುಧವುಳ್ಳವರು ಅದನ್ನು ಸರ್ಕಾರಕ್ಕೆ ತೋರಿಸಿ ದಾಖಲಿಸಬೇಕು, ಪರವಾನಗಿ ಇಲ್ಲದವರು ಒಪ್ಪಿಸಬೇಕು ಎಂಬುದು ಅದರ ಸಾರ. ದಕ್ಷಿಣ ಮಹಾರಾಷ್ಟ್ರ ಪ್ರಾಂತವೆಂದು ಅಂದು ಕರೆಯಲಾಗುತ್ತಿದ್ದ ಬೆಳಗಾವಿ, ಧಾರವಾಡ ಭಾಗಗಳ ಚಿಕ್ಕ ಸಂಸ್ಥಾನಗಳಲ್ಲಿಯೂ ಇದರ ಜಾರಿಗೆ ಒತ್ತಾಯ ಬಂದಿತು. ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಬೇಟೆ ಮತ್ತು ಕಾವಲು ಅವರ ವೃತ್ತಿ; ಆಯುಧ ಆ ವೃತ್ತಿಯ ಸಲಕರಣೆ. 1857ರ ನವೆಂಬರ್‌ನಲ್ಲಿ ಸುತ್ತಮುತ್ತಲ ಬೇಡರೂ ಹಲಗಲಿಯಲ್ಲಿ ಕೂಡಿಕೊಂಡರು. ಆ ತಿಂಗಳ ಕೊನೆಯಲ್ಲಿ ಬ್ರಿಟಿಷ್ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಅನೇಕರು ಹತರಾದರು, ನೂರಾರು ಜನ ಸೆರೆಯಾದರು. ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ 19 ಮಂದಿಯನ್ನು ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಆಯುಧವನ್ನು ಬಹಿರಂಗವಾಗಿ ಹಿಡಿಯಬಾರದೆಂದು ಹೇಳಿದ ಆಡಳಿತವು ದಂಡನೆಯನ್ನು ಮಾತ್ರ ಎಲ್ಲರ ಕಣ್ಣಿಗೆ ಬೀಳುವಂತೆಯೇ ನಡೆಸಿತು.

ಈ ಘಟನೆಯನ್ನು ಕುರಿತ ಲಾವಣಿ ಉತ್ತರ ಕರ್ನಾಟಕದ ಜನಪದ ಸಾಹಿತ್ಯದಲ್ಲಿ ಸುಪರಿಚಿತ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಬಂಟರು ಅದರ ನಾಯಕರು. ಇತಿಹಾಸಕಾರನ ದೃಷ್ಟಿಯಿಂದ ಅದರಲ್ಲಿ ಎರಡು ಸಂಗತಿಗಳು ಬೆಲೆಯುಳ್ಳವು. ಮೊದಲನೆಯದು, ಆಯುಧ ಹೋಗುವುದನ್ನು ಲಾವಣಿಕಾರನು ಜೀವ ಹೋಗುವುದಕ್ಕೆ ಸಮನಾಗಿ ಕಾಣುತ್ತಾನೆ. ಆಯುಧ ಕೇಳಲು ಬಂದ ಕಾರಕೂನನು ಪೆಟ್ಟು ತಿಂದು ಹಿಂದಿರುಗುವ ಪ್ರಸಂಗದಲ್ಲಿ ಲಾವಣಿಯ ಒಲವು ಯಾರ ಕಡೆಗೆಂಬುದು ಸ್ಪಷ್ಟ. ಕೇಳುವ ಊರವರಿಗೆ ಬೇಡನ ಕೈಯ ಆಯುಧಕ್ಕಿಂತ ಕಾರಕೂನನ ಕೈಯ ಕಾಗದವೇ ಹೆಚ್ಚು ಭಯಂಕರವಾಗಿ ಕಂಡಿರಬೇಕು. ಎರಡನೆಯದು ಲೂಟಿಯ ಪಟ್ಟಿ. ದಂಡಿನವರು ಒಯ್ದ ವಸ್ತುಗಳನ್ನು ಎಣಿಸುತ್ತ ಲಾವಣಿಯು ಕೊಡಲಿ, ಕುಡ, ಕಬ್ಬಿಣದಿಂದ ಮೊದಲುಗೊಂಡು ಉಪ್ಪು, ಅರಿಸಿನ, ಮಂಗಳಸೂತ್ರ, ಬೀಸುವ ಕಲ್ಲಿನವರೆಗೆ ಹೋಗುತ್ತದೆ. ಆಯುಧ ಯಾವುದು, ಉಪಕರಣ ಯಾವುದು ಎಂಬ ಭೇದವನ್ನು ಕಾಯಿದೆ ಕಾಗದದ ಮೇಲೆ ಮಾಡಬಹುದಾಗಿತ್ತು. ಕಾಡಂಚಿನ ಊರಿನ ಮನೆಯಲ್ಲಿ ಆ ಭೇದ ಅಷ್ಟು ಸುಲಭವಾಗಿರಲಿಲ್ಲ. ಸರ್ಕಾರಿ ವರದಿಗಳಿಗೆ ಹೊಳೆಯದ ಈ ವಿಚಾರ ಲಾವಣಿಯಲ್ಲಿ ಉಳಿದಿದೆ.

ಹಲಗಲಿಯ ಪಾಠವನ್ನು ಉಳಿದವರು ತಮ್ಮದೇ ರೀತಿಯಲ್ಲಿ ಕಲಿತರು. ಎದುರೆದುರು ನಿರಾಕರಿಸಿದರೆ ಊರೇ ಸುಡುತ್ತದೆಂದು ಖಚಿತವಾದ ಮೇಲೆ ಆಯುಧಗಳು ಹಗೇವು, ಬಣವೆ, ವಾಡೆಗಳ ಕತ್ತಲೆಯನ್ನು ಸೇರತೊಡಗಿದವು. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯನ ಬಂಡಾಯ ಆರಂಭವಾದದ್ದೇ ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳು ಅಧಿಕಾರಿಗಳ ಕಣ್ಣಿಗೆ ಬಿದ್ದುದರಿಂದ. ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ಜೂನ್ ಮೊದಲಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದರು. ಹಲಗಲಿಯಲ್ಲಿ ಆಯುಧ ಹೆಗಲ ಮೇಲಿತ್ತು, ಆರು ತಿಂಗಳ ತರುವಾಯ ಹಮ್ಮಿಗಿಯಲ್ಲಿ ಅದು ಮನೆಯೊಳಗೆ ಅಡಗಿತ್ತು. ನಿಶ್ಶಸ್ತ್ರೀಕರಣದ ನೇರ ಫಲಗಳಲ್ಲಿ ಗುಪ್ತಾಯುಧವೂ ಒಂದು ಎಂದು ಹೇಳಿದರೆ ತಪ್ಪಾಗದು.

ಸರ್ಕಾರಕ್ಕೂ ಇದು ಅರಿವಾಗಿದ್ದಂತೆ ತೋರುತ್ತದೆ. ಲಿಟ್ಟನ್ನನ ಕಾಲದಲ್ಲಿ ಬಂದ 1878ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಪರವಾನಗಿಯಿಲ್ಲದೆ ಆಯುಧಪಾಣಿಯಾಗಿ ತಿರುಗುವುದನ್ನು ನಿಷೇಧಿಸಿತು. 19ನೆಯ ಪ್ರಕರಣದಂತೆ ಕಾಯಿದೆ ಮುರಿದವನಿಗೆ ಮೂರು ವರ್ಷಗಳವರೆಗೆ ಶಿಕ್ಷೆ. ಆದರೆ ಆಯುಧದ ತಯಾರಿಕೆ, ಸಾಗಣೆ, ಸಂಗ್ರಹಣೆಯಂಥ ಅಪರಾಧವನ್ನು ಸರ್ಕಾರಿ ನೌಕರನಿಗೆ ತಿಳಿಯಬಾರದೆಂಬ ಉದ್ದೇಶದಿಂದ ಗುಟ್ಟಾಗಿ ಎಸಗಿದರೆ 20ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಶಿಕ್ಷೆಯಾಗಬಹುದಿತ್ತು. ಅದೇ ಕೋವಿ, ಅದೇ ವ್ಯಕ್ತಿ. ಅಡಗಿಸಿದ್ದಕ್ಕಾಗಿಯೇ ಎರಡು ಪಟ್ಟಿಗೂ ಮಿಗಿಲಾದ ದಂಡನೆ. ಗುಪ್ತವಾದುದು ಹೆಚ್ಚು ಅಪಾಯಕರವೆಂಬ ಈ ಭಾವನೆ ಭಾರತಕ್ಕೇ ವಿಶಿಷ್ಟವಾದುದೇನಲ್ಲ. ಅಮೆರಿಕದ ಕೆಂಟಕಿ ಮತ್ತು ಲೂಸಿಯಾನಾ ರಾಜ್ಯಗಳು 1813ರಲ್ಲಿಯೇ ಆಯುಧವನ್ನು ಮರೆಮಾಡಿ ಒಯ್ಯುವುದನ್ನು ನಿಷೇಧಿಸಿ, ಕಾಣುವಂತೆ ಒಯ್ಯುವುದನ್ನು ಹಾಗೆಯೇ ಬಿಟ್ಟಿದ್ದವು. ವ್ಯತ್ಯಾಸವಿದ್ದುದು ಇಷ್ಟೇ: ಅಲ್ಲಿ ಗುಟ್ಟು ನೆರೆಯವನಿಗೆ ಮಾಡಿದ ಮೋಸವೆನಿಸಿತ್ತು, ಇಲ್ಲಿ ಅದು ಸರ್ಕಾರಕ್ಕೆ ಮಾಡಿದ ಮೋಸವೆನಿಸಿತು. 1878ರ ವ್ಯವಸ್ಥೆಯಲ್ಲಿ ಐರೋಪ್ಯರಿಗೆ ವಿನಾಯಿತಿಯಿದ್ದುದನ್ನು ನೆನೆದರೆ ಯಾರ ನೆಮ್ಮದಿಗಾಗಿ ಈ ಕಾಯಿದೆ ಹುಟ್ಟಿತೆಂಬುದರ ಬಗ್ಗೆ ಸಂದೇಹ ಉಳಿಯುವುದಿಲ್ಲ.

ಹಲಗಲಿಯ ಬೂದಿ ಆರಿ ನಾಲ್ಕು ವರ್ಷ ತುಂಬುವ ಮೊದಲೇ, ಇದೇ ನಿಶ್ಶಸ್ತ್ರೀಕರಣದ ವಿಷಯದಲ್ಲಿ, ಕನ್ನಡ ನಾಡಿನ ಇನ್ನೊಂದು ಮೂಲೆಗೆ ಸಂಪೂರ್ಣ ಭಿನ್ನವಾದ ಆದೇಶವೊಂದು ಹೊರಟಿತು. ಮೈಸೂರು ಮತ್ತು ಕೊಡಗುಗಳ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು, ಕೊಡವರ ನಿಷ್ಠೆ, ಪರಾಕ್ರಮ ಮತ್ತು ಬ್ರಿಟಿಷ್ ಸರ್ಕಾರಕ್ಕೆ ಅವರು ಸಲ್ಲಿಸಿದ ಸೇವೆಯನ್ನು ಕೊಂಡಾಡಿ, ನಿಶ್ಶಸ್ತ್ರೀಕರಣ ಕಾಯಿದೆಯು ಅವರಿಗೆ ಅನ್ವಯಿಸುವುದಿಲ್ಲವೆಂದು ಸಾರಿದನು. 1834ರಿಂದ ಅಧಿಕಾರದಲ್ಲಿದ್ದ ಕಬ್ಬನ್ನನ ಕೊನೆಯ ದಿನಗಳವು; ಅದೇ ಏಪ್ರಿಲ್‌ನಲ್ಲಿ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಅವನು ತೀರಿಕೊಂಡನು.

ಕೊಂಡಾಡಿದ ಸೇವೆ ಯಾವುದೆಂಬುದು ಗುಟ್ಟಲ್ಲ. 1834ರಲ್ಲಿ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಕಂಪನಿಗೆ 1837ರಲ್ಲಿ ಅಮರಸುಳ್ಯದ ಬಂಡಾಯ ಎದುರಾಯಿತು. ಅದನ್ನು ಅಡಗಿಸುವಲ್ಲಿ ಕೊಡವ ಪ್ರಮುಖರಲ್ಲಿ ಹಲವರು ಕಂಪನಿಯ ಕಡೆಗೆ ನಿಂತರು. ಅವರಿಗೆ ಪದಕಗಳೂ ಭೂಮಿಯೂ ದೊರೆತವು. 1857ರಲ್ಲಿ ಕೊಡಗು ಶಾಂತವಾಗಿತ್ತು. ಹೀಗಾಗಿ 1861ರ ವಿನಾಯಿತಿ ಒಂದು ಜನಾಂಗದ ಪ್ರಾಚೀನ ಸಂಪ್ರದಾಯಕ್ಕೆ ಸಂದ ಮನ್ನಣೆ ಎನ್ನುವುದು ಅರ್ಧಸತ್ಯ. ಸಂಪ್ರದಾಯ ಹಲಗಲಿಯಲ್ಲಿಯೂ ಇತ್ತು; ನಿಷ್ಠೆಯ ದಾಖಲೆ ಇರಲಿಲ್ಲ.

ಹಾಗೆಂದು ಕೊಡಗಿನ ಆಯುಧ ಸಂಸ್ಕೃತಿಯನ್ನು ಬ್ರಿಟಿಷರ ಸೃಷ್ಟಿಯೆಂದು ತಳ್ಳಿಹಾಕುವುದು ಇನ್ನೂ ದೊಡ್ಡ ತಪ್ಪಾಗುತ್ತದೆ. 1855ರ ಹರ್ಮನ್ ಮೋಗ್ಲಿಂಗ್ ಅವರ ಕೃತಿ, 1870ರ ಜಿ. ರಿಕ್ಟರ್ ಅವರ ಕೈಪಿಡಿ, 1924ರಲ್ಲಿ ಪ್ರಕಟವಾದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಇವು ಕೊಡಗಿನ ಜನಜೀವನವನ್ನು ತಿಳಿಸುವ ಮುಖ್ಯ ಆಕರಗಳು. ಆಯುಧದ ಬಹಿರಂಗತೆಯೇ ಆ ಜೀವನದ ಲಕ್ಷಣವೆಂಬುದು ಉಡುಗೆಯಿಂದಲೇ ಆರಂಭವಾಗಿ ಕಂಡುಬರುತ್ತದೆ. ಕುಪ್ಯದ ಮೇಲೆ ಬಿಗಿದ ಚೇಲೆಯ ಮುಂಭಾಗದಲ್ಲಿ ಪೀಚೆಕತ್ತಿ. ಬೆನ್ನ ಹಿಂದಿನ ತೊಡಂಗಿನಲ್ಲಿ ಒಡಿಕತ್ತಿ. ಇವೆರಡೂ ನೋಡುವವರ ಕಣ್ಣಿಗೆ ಬೀಳುವಂತೆಯೇ ರೂಪುಗೊಂಡ ತೊಡುಗೆಗಳು. ಸೆಪ್ಟೆಂಬರ್ ಮೊದಲಲ್ಲಿ, ನಾಟಿಯ ಕೆಲಸ ಮುಗಿದ ಬಳಿಕ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿ ಕತ್ತಿಗಳನ್ನು ಶುಚಿಮಾಡಿ, ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಒಂದು ಹೂವಿಗೆ ಕೋವಿಯ ಹೆಸರನ್ನಿಟ್ಟ ನುಡಿಗಳು ಹೆಚ್ಚಿರಲಾರವು. ಪೂಜೆಯ ನಂತರ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ಊರ ನಡುವೆ ನಡೆಯುತ್ತದೆ.

ಇದಕ್ಕಿಂತಲೂ ಹೆಚ್ಚು ಅರ್ಥಪೂರ್ಣವಾದುದು ಕೋವಿಯ ಸದ್ದಿಗೆ ಇರುವ ಭಾಷೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಮನೆಯಲ್ಲಿ ಸಾವಾದಾಗ ಎರಡು ಗುಂಡು ಹಾರಿಸುವುದು ಪದ್ಧತಿ. ಪುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೂ ಗುಂಡಿನ ಸದ್ದಾಗುತ್ತದೆ. ಮನೆಗಳು ಒತ್ತಾಗಿರದೆ ಬೆಟ್ಟ, ಗದ್ದೆ, ಕಾಡುಗಳ ನಡುವೆ ಚದುರಿಕೊಂಡಿರುವ ನಾಡಿನಲ್ಲಿ ಈ ಸದ್ದು ಸುದ್ದಿಯನ್ನು ಹೊತ್ತೊಯ್ಯುವ ಸಾಧನವಾಗಿತ್ತು. ಎರಡು ಗುಂಡು ಕೇಳಿದ ನೆರೆಯವನು ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ, ಸಾವಿನ ಮನೆಯ ದಾರಿ ಹಿಡಿಯುತ್ತಿದ್ದನು. ಬೇರೆಡೆ ಭೀತಿಯನ್ನು ಹುಟ್ಟಿಸುವ ಶಬ್ದವೇ ಇಲ್ಲಿ ಜನರನ್ನು ಕೂಡಿಸುತ್ತಿತ್ತು. ಯಾವ ಮನೆಯಲ್ಲಿ ಕೋವಿಯಿದೆ, ಅದು ಯಾವಾಗ ಏಕೆ ಹಾರಿತು ಎಂಬುದು ಊರಿಗೆಲ್ಲ ತಿಳಿದಿರುವಲ್ಲಿ ಅದನ್ನು ಗುಟ್ಟಾಗಿ ಬಳಸುವ ಅವಕಾಶವೂ ಕಡಿಮೆಯೇ. ಕೊಡಗಿನ ಜನ ಕೋವಿಯೊಡನೆ ಸಲೀಸಾಗಿ ಬಾಳಿದ್ದಕ್ಕೆ ಅವರ ಶೌರ್ಯವನ್ನು ಕಾರಣವೆಂದು ಹೇಳುವ ವಾಡಿಕೆಯಿದೆ. ಈ ಪಾರದರ್ಶಕತೆಯು ಅದಕ್ಕಿಂತ ಬಲವಾದ ಕಾರಣವೆಂದು ತೋರುತ್ತದೆ.

ಆದರೆ ಈ ನೆಮ್ಮದಿ ಯಾರದು ಎಂಬ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. ವಿನಾಯಿತಿ ದೊರೆತದ್ದು ಎರಡು ವರ್ಗಗಳಿಗೆ: ಜನಾಂಗದಿಂದ ಕೊಡವರಾದವರಿಗೆ ಮತ್ತು ಜಮ್ಮ ಹಿಡುವಳಿದಾರರಿಗೆ. ಜಮ್ಮ ಎಂಬುದು ದಂಡಿನ ಸೇವೆಯ ಕಟ್ಟಳೆಯೊಡನೆ ಅರ್ಧ ಕಂದಾಯದ ಮೇಲೆ ವಂಶಪಾರಂಪರ್ಯವಾಗಿ ಬಂದ ಭೂಮಿ. ಅರೆಭಾಷೆ ಗೌಡರೂ ಇತರ ಕೆಲವು ಸಮುದಾಯದವರೂ ಜಮ್ಮ ಹಿಡುವಳಿಯ ಮೂಲಕ ಈ ಹಕ್ಕಿನೊಳಗೆ ಬಂದರು. ಅಷ್ಟರಮಟ್ಟಿಗೆ ಅದು ಕೇವಲ ಜನಾಂಗೀಯ ಹಕ್ಕಲ್ಲ, ಭೂಮಿಯ ಹಕ್ಕು ಕೂಡ. ಇದೇ ಜಮ್ಮ ಭೂಮಿಗೆ ಅಂಟಿಕೊಂಡಂತೆ ಆಳುಗಳೂ ಇದ್ದರು. ಭೂಮಿಯೊಡನೆಯೇ ಕೈಬದಲಾಗುತ್ತಿದ್ದ ಭೂಮಿಜಮ್ಮದ ಆಳು, ಒಡೆಯನ ಇಚ್ಛೆಯಂತೆ ಬೇರೆಯವರಿಗೆ ಹೋಗಬಹುದಾಗಿದ್ದ ಒಕ್ಕಲುಜಮ್ಮದ ಆಳು ಎಂಬ ಭೇದವನ್ನು ಹತ್ತೊಂಬತ್ತನೆಯ ಶತಮಾನದ ಬರಹಗಳು ದಾಖಲಿಸಿವೆ. ಗದ್ದೆಯನ್ನು ಉಳುತ್ತಿದ್ದವನಿಗೆ ಜಮ್ಮವಿರಲಿಲ್ಲ, ಆದ್ದರಿಂದ ಕೋವಿಯೂ ಇರಲಿಲ್ಲ. ಒಡೆಯನ ಹೆಗಲ ಮೇಲಿನ ಕೋವಿ ಅವನಿಗೂ ಅಷ್ಟೇ ನೆಮ್ಮದಿಯ ವಸ್ತುವಾಗಿತ್ತೆಂದು ಊಹಿಸಲು ಆಧಾರವಿಲ್ಲ. ಕೈಲ್ ಪೊಳ್ದನ್ನು ವರ್ಣಿಸುವ ಲೇಖನಗಳಲ್ಲಿ ಈ ಮುಖ ಸಾಮಾನ್ಯವಾಗಿ ಕಾಣೆಯಾಗಿರುತ್ತದೆ.

ರಾಷ್ಟ್ರೀಯ ಚಳವಳಿಯು ಆಯುಧ ಕಾಯಿದೆಯನ್ನು ಅವಮಾನವೆಂದೇ ಭಾವಿಸಿತ್ತು. 1928ರ ನೆಹರೂ ವರದಿಯೂ 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯವೂ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದನ್ನು ಪ್ರಜೆಯ ಮೂಲಭೂತ ಹಕ್ಕುಗಳ ಸಾಲಿನಲ್ಲಿ ಇರಿಸಿದ್ದವು. ಆದರೆ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತ್ ಅವರು ಇದೇ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ತಂದಾಗ ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ದೇಶವಿಭಜನೆಯ ರಕ್ತಪಾತವನ್ನು ಕಂಡು ಇನ್ನೂ ಒಂದೂವರೆ ವರ್ಷವಾಗಿರಲಿಲ್ಲ. ಸಂವಿಧಾನದ 19ನೆಯ ವಿಧಿಯಲ್ಲಿ ಇಂದು ಉಳಿದಿರುವುದು ಶಾಂತಿಯುತವಾಗಿ, ಆಯುಧರಹಿತರಾಗಿ ಸಭೆ ಸೇರುವ ಹಕ್ಕು.

1959ರ ಆಯುಧ ಅಧಿನಿಯಮವು ಹಳೆಯ ಕಾಯಿದೆಯ ಜನಾಂಗ ಪಕ್ಷಪಾತವನ್ನು ಬಿಟ್ಟರೂ ಅದರ ಎಲುಬುಗೂಡನ್ನು ಉಳಿಸಿಕೊಂಡಿತು. ಗುಟ್ಟಿನ ಉಲ್ಲಂಘನೆಗೆ ಪ್ರತ್ಯೇಕ ಶಿಕ್ಷೆ ಅದರ 26ನೆಯ ಪ್ರಕರಣದಲ್ಲಿ ಮುಂದುವರಿಯಿತು. ವಿನಾಯಿತಿ ನೀಡುವ ಅಧಿಕಾರ 41ನೆಯ ಪ್ರಕರಣದಲ್ಲಿ ಕೇಂದ್ರ ಸರ್ಕಾರಕ್ಕೆ ದೊರೆಯಿತು. ಅದರ ಅಡಿಯಲ್ಲಿ 1963ರ ಅಧಿಸೂಚನೆಯು ಕೊಡವರ ಮತ್ತು ಜಮ್ಮ ಹಿಡುವಳಿದಾರರ ಹಕ್ಕನ್ನು ಉಳಿಸಿತು. ಕೊಡಗಿನ ಹೊರಗೆ ಸಂಚರಿಸುವಾಗ ಒಬ್ಬನು ಒಯ್ಯಬಹುದಾದ ಕೋವಿ ಮತ್ತು ಮದ್ದುಗುಂಡುಗಳಿಗೆ ಮಿತಿಯನ್ನೂ ಹಾಕಿತು. ಈ ಮಿತಿ ಅರ್ಥವಿಲ್ಲದುದಲ್ಲ. ಕೊಡಗಿನ ಗಡಿ ದಾಟಿದೊಡನೆ ಕೋವಿಯ ಹಿಂದಿನ ಮನೆತನದ ಹೆಸರು ಯಾರಿಗೂ ತಿಳಿಯುವುದಿಲ್ಲ. ಮಡಿಕೇರಿಯ ಸಂತೆಯಲ್ಲಿ ಪರಿಚಿತನಾಗಿದ್ದವನು ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಬರಿಯ ಆಯುಧಧಾರಿ.

ನಗರದ ಈ ಅಪರಿಚಯವೇ ಕಾಲಕ್ರಮದಲ್ಲಿ ಕಾಯಿದೆಯ ದಿಕ್ಕನ್ನು ಬದಲಿಸಿತು. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರನು ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒರೆಯಲ್ಲಿ, ಉದ್ದದ ಕೋವಿಯನ್ನು ಅದಕ್ಕೆ ತಕ್ಕ ಚೀಲದಲ್ಲಿ, ಸಂಪೂರ್ಣವಾಗಿ ಮುಚ್ಚಿಯೇ ಒಯ್ಯಬೇಕು. ಝಳಪಿಸಿದರೆ ಪರವಾನಗಿ ರದ್ದಾಗಬಹುದು. ಹೀಗೆ ವಿಚಿತ್ರವಾದ ಸ್ಥಿತಿಯೊಂದು ಏರ್ಪಟ್ಟಿದೆ. ಸರ್ಕಾರಕ್ಕೆ ಕಾಣದಂತೆ ಆಯುಧವನ್ನಿಡುವುದು ಹೆಚ್ಚಿನ ಅಪರಾಧ, ಜನರಿಗೆ ಕಾಣುವಂತೆ ಒಯ್ಯುವುದು ನಿಯಮಭಂಗ. ಹಿಂದೆ ಊರಿನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಜಿಲ್ಲಾಧಿಕಾರಿಯ ಕಡತ ಮಾಡುತ್ತದೆ. 2019ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಾಚರಣೆಯಲ್ಲಿ ಗುಂಡು ಹಾರಿಸುವುದನ್ನು ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಇಲ್ಲವೆ ಎರಡನ್ನೂ ವಿಧಿಸಬಹುದಾದ ಅಪರಾಧವನ್ನಾಗಿಸಿತು. ಮದುವೆಯ ಮೆರವಣಿಗೆಗಳಲ್ಲಿ ಮದದಿಂದ ಹಾರಿಸುವ ಗುಂಡನ್ನೂ ಸಾವಿನ ಮನೆಯ ಎರಡು ಗುಂಡುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಪಾಯವೆಂಬ ಷರತ್ತನ್ನು ಸೇರಿಸಿದ್ದರಿಂದ ಕಾಯಿದೆ ಆ ಭೇದಕ್ಕೆ ಸ್ವಲ್ಪ ಎಡೆಗೊಟ್ಟಿದೆ.

ಅದೇ 2019ರ ಅಕ್ಟೋಬರ್ 29ರಂದು ಕೇಂದ್ರ ಗೃಹ ಮಂತ್ರಾಲಯವು ಕೊಡಗಿನ ವಿನಾಯಿತಿಯನ್ನು ಹತ್ತು ವರ್ಷಗಳ ಅವಧಿಗೆ, ಎಂದರೆ 2029ರ ಅಕ್ಟೋಬರ್ 31ರವರೆಗೆ, ಮುಂದುವರಿಸಿತು. ಜನಾಂಗ ಮತ್ತು ಪೂರ್ವಜರ ಭೂಮಿಯ ಆಧಾರದ ಮೇಲೆ ಇಂಥ ಹಕ್ಕನ್ನು ನೀಡುವುದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ಸಲ್ಲಿಕೆಯಾಯಿತು. 2021ರ ಸೆಪ್ಟೆಂಬರ್ 22ರ ತೀರ್ಪಿನಲ್ಲಿ ನ್ಯಾಯಾಲಯವು ಕೊಡವರ ಸೈನಿಕ ಪರಂಪರೆಯನ್ನೂ ಸ್ವಾತಂತ್ರ್ಯಪೂರ್ವದಿಂದ ಬಂದ ರೂಢಿಯನ್ನೂ ಗಮನಿಸಿ, ವಿನಾಯಿತಿಗೆ ಅವಧಿಯೂ ಷರತ್ತುಗಳೂ ಇವೆಯೆಂದು ಹೇಳಿ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಕಬ್ಬನ್ನನ ಸಾರೋಲೆಯಲ್ಲಿ ಬ್ರಿಟಿಷ್ ಸರ್ಕಾರದ ಸೇವೆ ವಿನಾಯಿತಿಯ ಕಾರಣವಾಗಿತ್ತು. 160 ವರ್ಷಗಳ ನಂತರದ ತೀರ್ಪಿನಲ್ಲಿ ಪರಂಪರೆ ಆ ಸ್ಥಾನಕ್ಕೆ ಬಂದಿದೆ. ಆ ಪರಂಪರೆಯ ವಾದವನ್ನು 1857ರಲ್ಲಿ ಮುಂದಿಟ್ಟ ಹಲಗಲಿಯ ಬೇಡರಿಗೆ ಅದನ್ನು ಕೇಳುವ ನ್ಯಾಯಾಲಯವಿರಲಿಲ್ಲ, ಅವರ ಪರವಾಗಿ ಅಧಿಸೂಚನೆಯೂ ಎಂದೂ ಹೊರಡಲಿಲ್ಲ.